ಪದಚರ್ಚೆ: ಮೀಟ್‌ಲೋಫ್ – ಕಲಸುವುದೋ, ನಾದುವುದೋ?

ಗೆಳೆಯರೇ, ನಮಸ್ಕಾರ.

ಓಹಾಯೋದ ನಮ್ಮ ಕನ್ನಡ ಕೂಟದ ಕೆಲವರು ಸೇರಿ ಇಲ್ಲಿನ ಮನೆಯಡುಗೆಗಳ ಬಗ್ಗೆ ಒಂದು ಪುಟ್ಟ ಪುಸ್ತಿಕೆ ಮಾಡುತ್ತಿದ್ದೇವೆ. ಮಕ್ಕಳ ಮನೆಗೆಂದು ಊರಿಂದ ಬಂದು ಚಳಿಗಾಲ ಕಳೆಯುವ ಅಪ್ಪ ಅಮ್ಮಂದಿರು, ಈಗಷ್ಟೇ ಬಂದಿಳಿದ ಹುಡುಗರು ಓದಿ ಮಾಡಿಕೊಳ್ಳುವ ಹಾಗಿರಬೇಕು ಅಂತ ಆಸೆ. ನನ್ನ ಪಾಲಿಗೆ ಬಂದದ್ದು ಮೀಟ್‌ಲೋಫ್. ಮಾಡೋದು ಕಷ್ಟವಿಲ್ಲ. ಕನ್ನಡದಲ್ಲಿ ಬರೆಯೋಕೆ ಕೂತರೆ ಮಾತ್ರ ಹೆಜ್ಜೆಹೆಜ್ಜೆಗೂ ತಡೆ. ಓಲೆ ಸ್ವಲ್ಪ ಉದ್ದವಿದೆ, ಸಹಿಸಿಕೊಳ್ಳಿ.

ನೋಡಿರದವರಿಗೆ ಎರಡು ಮಾತು. ಕೊಚ್ಚಿದ ಮಾಂಸಕ್ಕೆ ಬ್ರೆಡ್ಡಿನ ಪುಡಿ, ಹಾಲು, ಮೊಟ್ಟೆ, ಈರುಳ್ಳಿ ಸೇರಿಸಿ, ಬ್ರೆಡ್ ಮಾಡುವ ಉದ್ದನೆಯ ಅಚ್ಚಿನ ಆಕಾರಕ್ಕೆ ತಂದು ಓವನ್ನಿನಲ್ಲಿ ಇಡುತ್ತಾರೆ. ಮೇಲೆ ಕೆಚಪ್ ಬಳಿಯುತ್ತಾರೆ. ಆಮೇಲೆ ಹೋಳು ಹೋಳಾಗಿ ಕೊಯ್ದು ಹಿಸುಕಿದ ಆಲೂಗೆಡ್ಡೆಯ ಜೊತೆ ಬಡಿಸುತ್ತಾರೆ. ಉಳಿದದ್ದು ಮರುದಿನದ ಸ್ಯಾಂಡ್‌ವಿಚ್ಚಿಗೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಇದು ಅಮೆರಿಕದ ಮನೆಗಳಿಗೆ ಆಸರೆಯಾದ ಅಡುಗೆ. ಇದ್ದಷ್ಟು ಮಾಂಸಕ್ಕೆ ಒಣ ಬ್ರೆಡ್ಡೋ ಓಟ್ಸೋ ಬೆರೆಸಿದರೆ ನಾಲ್ಕು ಜನರ ಪಾಲು ಆರು ಜನಕ್ಕೆ ಆಗುತ್ತಿತ್ತು. ಹೋಟೆಲಿನ ಗತ್ತಿಲ್ಲದ, ಅಮ್ಮಂದಿರ ಕೈಯಡುಗೆ.

ಮೊದಲು ಹೆಸರಿನ ವಿಚಾರ. ಕೂಟದಲ್ಲಿ ಬಂದ ಸಲಹೆಗಳಲ್ಲಿ ‘ಮಾಂಸದ ರೊಟ್ಟಿ’ಗೆ ಶಾಸ್ತ್ರದ ಬಲವಿತ್ತು. ಕನ್ನಡ ಬೈಬಲ್ಲಿನಲ್ಲಿ ಐದು ಸಾವಿರ ಜನಕ್ಕೆ ಉಣಬಡಿಸಿದ ಕಥೆ ಬರುತ್ತದಲ್ಲ, ಅಲ್ಲಿ ಇಂಗ್ಲಿಷಿನ ‘ಲೋಫ್’ ಇದ್ದ ಕಡೆ ನಮ್ಮಲ್ಲಿರುವುದು ರೊಟ್ಟಿಯೇ: ಐದು ರೊಟ್ಟಿ, ಎರಡು ಮೀನು. ಆದರೆ ‘ಮಾಂಸದ ರೊಟ್ಟಿ’ ಅಂದರೆ ನಮ್ಮ ಜನ ಕಾವಲಿ ಹುಡುಕುತ್ತಾರೆ. ‘ಬಾಡಿನ ಮುದ್ದೆ’ ಅಂದವರು ಮಂಡ್ಯದವರು, ಅವರನ್ನು ಏನೂ ಅನ್ನುವ ಹಾಗಿಲ್ಲ. ದಕ್ಷಿಣ ಕನ್ನಡದವರೊಬ್ಬರು ‘ಕೈಮಾ ಗಟ್ಟಿ’ ಅಂದರು. ಕಿವಿಗೆ ಚೆನ್ನಾಗಿದೆ, ಆದರೆ ಗಟ್ಟಿ ಎಂದರೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವುದು ತಾನೆ? ಅಚ್ಚುಬೆಲ್ಲದ ಮಾದರಿಯಲ್ಲಿ ‘ಅಚ್ಚುಕೈಮಾ’ ಅಂತ ನಾನೇ ಒಂದು ಹೊಸೆದೆ. ತೀರ ಕೆಟ್ಟದ್ದಲ್ಲ ಅನ್ನಿಸುತ್ತದೆ. ‘ಪಿಂಡ’ ಎಂಬ ಸಲಹೆಯನ್ನು ಚರ್ಚೆಯಿಲ್ಲದೆ ಕೈಬಿಟ್ಟೆವು.

ಎಲ್ಲಕ್ಕಿಂತ ಹೆಚ್ಚು ಜನ ಒಪ್ಪಿದ್ದು ‘ದೊಡ್ಡ ಕೈಮಾ ಉಂಡೆ’. ಇಟಲಿಯವರು ಮಾಡಿಕೊಂಡಿರುವುದೂ ಇದನ್ನೇ: ಉಂಡೆಗೆ ಪೋಲ್ಪೆಟ್ಟಾ, ಮೀಟ್‌ಲೋಫಿಗೆ ಪೋಲ್ಪೆಟ್ಟೋನೆ, ಅಂದರೆ ದೊಡ್ಡ ಉಂಡೆ. (ಜರ್ಮನರಲ್ಲಿ ಇದಕ್ಕಿರುವ ಒಂದು ಹೆಸರು ‘ಸುಳ್ಳು ಮೊಲ’. ಮೊಲ ಸಿಗದ ದಿನದ ಮೊಲ. ಅವರಿಗೆ ಆಕಾರದ ಚಿಂತೆಯೇ ಇಲ್ಲ.) ಇಟಲಿಯವರಿಗೆ ಒಪ್ಪಿದ್ದು ನಮಗೆ ಯಾಕೆ ಒಪ್ಪಬಾರದು ಅಂತ ಕೂಟದಲ್ಲಿ ಕೇಳಿದರು. ನನ್ನ ತಕರಾರು ಇರುವುದೇ ಅಲ್ಲಿ. ನಿಮ್ಮ ಮುಂದೆ ಇಡಬೇಕೆಂದಿದ್ದೂ ಅದೇ.

ಹಳೇ ಮೈಸೂರಿನ ಕೈಮಾ ಉಂಡೆ ಹೇಗಾಗುತ್ತದೆ? ಕೊಚ್ಚಿದ ಬಾಡಿಗೆ ಹುರಿಗಡಲೆ ಪುಡಿ, ಕಾಯಿತುರಿ, ಶುಂಠಿ ಬೆಳ್ಳುಳ್ಳಿ, ಚಕ್ಕೆ ಲವಂಗ ಹಾಕಿ ನುಣ್ಣಗೆ ರುಬ್ಬುತ್ತಾರೆ. ಆಮೇಲೆ ಅಂಗೈಯಲ್ಲಿ ಒತ್ತಿ ಒತ್ತಿ ಉಂಡೆ ಕಟ್ಟಿ, ಕುದಿಯುವ ಸಾರಿಗೆ ಬಿಡುತ್ತಾರೆ. ಉಂಡೆ ಬಿಟ್ಟ ಮೇಲೆ ಸೌಟು ಆಡಿಸಬೇಡ ಅಂತ ನಮ್ಮತ್ತೆ ಗದರುತ್ತಿದ್ದರು. ಸಾರಿನ ಕುದಿತ ತಡೆದುಕೊಳ್ಳಬೇಕಾದರೆ ಉಂಡೆಗೆ ಬಿಗಿ ಬೇಕೇ ಬೇಕು. ಉಪ್ಪು ಬಿದ್ದ ಮಾಂಸವನ್ನು ಹೆಚ್ಚು ಹೆಚ್ಚು ತಿಕ್ಕಿದಷ್ಟೂ ಅದರೊಳಗಿನ ಪ್ರೋಟೀನು ಬಿಟ್ಟುಕೊಂಡು ಅಂಟಂಟಾಗುತ್ತದೆ, ಬೆಂದಾಗ ಒಂದನ್ನೊಂದು ಕಚ್ಚಿಕೊಳ್ಳುತ್ತದೆ. ಕೈಮಾ ಉಂಡೆಗೂ ಸಾಸೇಜಿಗೂ ಬೇಕಾದದ್ದು ಈ ಕಚ್ಚುವಿಕೆಯೇ.

ಮೀಟ್‌ಲೋಫಿಗೆ ಬೇಡವಾದದ್ದೂ ಅದೇ. ಅದನ್ನು ಯಾರೂ ಕುದಿಯುವ ಸಾರಿಗೆ ಬಿಡುವುದಿಲ್ಲ. ತಟ್ಟೆಯ ಮೇಲೆ ಕೂತು ಒಣಶಾಖದಲ್ಲಿ ಬೇಯುತ್ತದೆ. ಹೋಳಾಗುವಷ್ಟು ಹಿಡಿತ ಸಾಕು. ಮುಳ್ಳುಚಮಚ ತಾಗಿದರೆ ಬಿರಿಯಬೇಕು. ಅದಕ್ಕೆಂದೇ ಬ್ರೆಡ್ಡಿನ ಪುಡಿಯನ್ನು ಮೊದಲು ಹಾಲಿನಲ್ಲಿ ನೆನೆಸಿ ಗಂಜಿಯಂತೆ ಮಾಡಿಕೊಳ್ಳುವುದು. ಅದರ ಪಿಷ್ಟ ನೀರು ಹಿಡಿದಿಟ್ಟುಕೊಂಡು ಮಾಂಸದ ಕಣಗಳ ನಡುವೆ ಕೂರುತ್ತದೆ, ಅವು ಬಿಗಿಯಾಗಿ ಕಚ್ಚಿಕೊಳ್ಳಲು ಬಿಡುವುದಿಲ್ಲ. ಇಟಲಿಯವರ ಪೋಲ್ಪೆಟ್ಟಾಕ್ಕೂ ನೆನೆಸಿದ ಬ್ರೆಡ್ ಹಾಕುವುದು ರೂಢಿ. ಅಲ್ಲಿ ಚಿಕ್ಕದೂ ದೊಡ್ಡದೂ ಒಂದೇ ಕೈಯ ಕೆಲಸ, ಹಾಗಾಗಿ ಆ ಹೆಸರು ಮೋಸ ಮಾಡುವುದಿಲ್ಲ. ನಮ್ಮಲ್ಲಿ ‘ದೊಡ್ಡ ಕೈಮಾ ಉಂಡೆ’ ಅಂದ ತಕ್ಷಣ ಓದಿದವರ ಕೈ ರುಬ್ಬೋಕೆ, ಒತ್ತೋಕೆ ಹೊರಡುತ್ತದೆ.

ಇದು ಬರೀ ತರ್ಕವಲ್ಲ. ಪುಸ್ತಿಕೆಯ ಮೊದಲ ಕರಡಿನಲ್ಲಿ, ನನಗಿಂತ ಮುಂಚೆ ಬರೆದವರು, ‘ಎಲ್ಲವನ್ನೂ ಹಾಕಿ ಚೆನ್ನಾಗಿ ನಾದಿ’ ಅಂತ ಹಾಕಿದ್ದರು. ಕೂಟದ ಹಿರಿಯರೊಬ್ಬರು ಅದನ್ನೇ ನಂಬಿ, ಚಪಾತಿ ಹಿಟ್ಟಿಗೆ ಕೊಡುವಷ್ಟೇ ಶ್ರದ್ಧೆ ಕೊಟ್ಟು ನಾದಿದರು. ಬೆಂದದ್ದನ್ನು ಕೊಯ್ದಾಗ ಹೋಳಿನ ಅಂಚು ಕನ್ನಡಿಯಂತೆ ನುಣುಪಾಗಿತ್ತು, ಬೆರಳಲ್ಲಿ ಒತ್ತಿ ಬಿಟ್ಟರೆ ಪುಟಿಯುತ್ತಿತ್ತು. ರುಚಿಗೆ ಕೊರತೆಯಿರಲಿಲ್ಲ. ಹಲ್ಲಿಗೆ ಕೆಲಸ ಜಾಸ್ತಿ ಅಷ್ಟೆ.

ಹಾಗಾಗಿ ನನ್ನ ನಿಲುವು: ಹೆಸರು ‘ಮೀಟ್‌ಲೋಫ್’ ಅಂತಲೇ ಇರಲಿ. ಬ್ರೆಡ್ಡು, ಕೇಕು, ಬನ್ನು ನಮ್ಮವಾಗಿಲ್ಲವೇ? ಬಿಗಿಪಟ್ಟು ಹಿಡಿಯಬೇಕಾದದ್ದು ಕ್ರಿಯಾಪದಗಳಲ್ಲಿ. ಇಂಗ್ಲಿಷಿನ ಪಾಕವಿಧಿ ‘ಮಿಕ್ಸ್ ಮಾಡಿ, ಆದರೆ ಅತಿ ಮಾಡಬೇಡಿ’ ಅಂತ ಎರಡು ಮಾತು ಹೇಳಬೇಕಾಗುತ್ತದೆ. ನಮಗೆ ಆ ದರ್ದಿಲ್ಲ. ಬೆರೆಸು, ಕಲಸು, ಕಿವುಚು, ಮಿದಿ, ನಾದು – ಒಂದೊಂದಕ್ಕೂ ಕೈಯ ಬಲ ಬೇರೆ, ಬೆರಳಿನ ಚಲನೆ ಬೇರೆ. ಇಲ್ಲಿಗೆ ಹೊಂದುವುದು ‘ಕಲಸು’. ಮೊಸರನ್ನ ಕಲಸುವಾಗ ಅಗುಳು ನುಜ್ಜಾಗದ ಹಾಗೆ ಬೆರಳ ತುದಿಯಲ್ಲಿ ತಿರುವುತ್ತೇವಲ್ಲ, ಅದೇ ಕೈ. ‘ಮೊಸರನ್ನ ಕಲಸುವ ಹಾಗೆ ಕಲಸಿ, ಬಿಳಿಯ ಬ್ರೆಡ್ ಕಣ್ಣಿಗೆ ಕಾಣದಾದಾಗ ನಿಲ್ಲಿಸಿ’ ಅಂತ ಬರೆದಿದ್ದೇನೆ. ಮೀಟ್‌ಲೋಫಿಗೆ ಮೊಸರನ್ನ ತರಬಹುದೇ ಅಂತ ಒಬ್ಬರು ಮುಖ ಕಿವುಚಿದರು. ತರಬಹುದು ಅಂತಲೇ ನನ್ನ ವಾದ.

‘ನಾದು’ ಪರವಾಗಿ ಒಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ಕಡೆ ಯಾವುದನ್ನೇ ಕೈಯಲ್ಲಿ ಕೂಡಿಸಿದರೂ ನಾದುವುದು ಅನ್ನುತ್ತಾರಂತೆ. ನಿಮ್ಮ ಕಡೆ ಹಾಗಿದೆಯೇ? ಇದ್ದರೆ ನನ್ನ ಸಾಲನ್ನು ಇನ್ನೂ ಬಿಡಿಸಿ ಬರೆಯಬೇಕಾದೀತು.

ಇನ್ನು ‘ಪ್ಯಾಂಟ್ರಿ’, ಅಂದರೆ ಮನೆಯಲ್ಲಿ ಅಡುಗೆ ಸಾಮಾನು ಕೂಡಿಡುವ ಜಾಗ. ಉಗ್ರಾಣ ಅಂದರೆ ಮದುವೆಮನೆಯೋ ದೇವಸ್ಥಾನವೋ ಕಣ್ಣಿಗೆ ಬರುತ್ತದೆ. ‘ದಿನಸಿ’ ಹತ್ತಿರ, ಆದರೆ ದಿನಸಿ ಅಂಗಡಿಯಲ್ಲಿರುವ ಸಾಮಾನು; ಮನೆಗೆ ಬಂದು ಡಬ್ಬಿ ಸೇರಿದ ಮೇಲೆ ಅದೇನು? ‘ಡಬ್ಬಿಸಾಮಾನು’ ಅಂತ ಬಳಸಿದ್ದೇನೆ. ಈ ಅಡುಗೆಯ ಸ್ವಾರಸ್ಯ ಇರುವುದೇ ಡಬ್ಬಿಸಾಮಾನಿನಲ್ಲಿ. ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ ಕೊಚ್ಚಿದ ಮಾಂಸಕ್ಕೆ ಒಂದು ಕಪ್ ಬ್ರೆಡ್ ಪುಡಿ, ಅರ್ಧ ಕಪ್ಪಿಗಿಂತ ಸ್ವಲ್ಪ ಜಾಸ್ತಿ ಹಾಲು, ಎರಡು ಮೊಟ್ಟೆ. ಒಂದು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಬಾಡಿಸಿ, ಆರಿಸಿ ಹಾಕಬೇಕು. ಹಸಿಯಾಗಿ ಹಾಕಿದರೆ ನೀರು ಬಿಟ್ಟು ಹೋಳು ಒಡೆಯುತ್ತದೆ. ಉಪ್ಪು, ಕಾಳುಮೆಣಸಿನ ಪುಡಿ, ಬೆಳ್ಳುಳ್ಳಿ. ಇಲ್ಲಿನವರು ಹೆಚ್ಚಾಗಿ ಮಾಡುವುದು ದನದ ಮಾಂಸದಲ್ಲಿ, ಒಮ್ಮೊಮ್ಮೆ ಹಂದಿಯದನ್ನೂ ಕೂಡಿಸಿ. ತಿನ್ನದವರು ಟರ್ಕಿ ಕೋಳಿಯಲ್ಲೋ ಕುರಿಯ ಕೈಮಾದಲ್ಲೋ ಮಾಡಬಹುದು. ನೆಣ ಕಡಿಮೆಯಿದ್ದರೆ ಒಂದು ಚಮಚ ಬೆಣ್ಣೆ ಹೆಚ್ಚಿಗೆ ಹಾಕಿ.

ರುಚಿಯ ಗುಟ್ಟು ಇನ್ನೊಂದು ಡಬ್ಬಿಯಲ್ಲಿದೆ, ಅಲ್ಲ, ಶೀಶೆಯಲ್ಲಿ. ಇಲ್ಲಿನ ಮನೆಮನೆಯಲ್ಲೂ ಇರುವ ವುಸ್ಟರ್‌ಶರ್ ಸಾಸ್. ಬರಹದಲ್ಲಿ ವೋರ್ಸೆಸ್ಟರ್‌ಶೈರ್ ಎನ್ನುವಷ್ಟು ಅಕ್ಷರ, ಬಾಯಲ್ಲಿ ಅರ್ಧ ಮಾಯ. ಕನ್ನಡದಲ್ಲಿ ಉಚ್ಚಾರದಂತೆ ಬರೆಯುವುದೇ ಸರಿ ಅಂತ ನನ್ನ ಮತ, ಅಂಗಡಿಯಲ್ಲಿ ಕೇಳಬೇಕಾದವರು ಓದುಗರೇ ತಾನೆ. ಇಂಗ್ಲೆಂಡಿನ ವುಸ್ಟರ್ ಪಟ್ಟಣದಲ್ಲಿ ಲೀ ಮತ್ತು ಪೆರಿನ್ಸ್ ಎಂಬ ಔಷಧದಂಗಡಿಯವರು 1837ರಲ್ಲಿ ಮಾರಾಟಕ್ಕಿಟ್ಟ ಸಾಸ್ ಇದು. ಶೀಶೆಯ ಹಿಂದಿನ ಪಟ್ಟಿ ಓದಿ: ವಿನೆಗರ್, ಕಾಕಂಬಿ, ಉಪ್ಪಿನಲ್ಲಿ ಮಾಗಿಸಿದ ಆಂಚೋವಿ ಮೀನು, ಜೊತೆಗೆ ಹುಣಸೆಹಣ್ಣು! ಸಾಸ್ ಇಲ್ಲದ ದಿನ ನಾನು ಹುಣಸೆ ರಸ, ಚೂರು ಬೆಲ್ಲ, ಸೋಯಾ ಸಾಸ್ ಬೆರೆಸಿ ಒಂದು ದೊಡ್ಡ ಚಮಚ ಹಾಕುತ್ತೇನೆ. ಮೀನಿನ ಆಳ ಬರುವುದಿಲ್ಲ, ಹುಳಿ ಮಾತ್ರ ಸರಿಯಾಗಿ ಕೂರುತ್ತದೆ.

ಬೇಯಿಸುವುದು 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಸುಮಾರು ಒಂದು ಗಂಟೆ. ಇಲ್ಲಿ ಗಡಿಯಾರಕ್ಕಿಂತ ತಾಪಮಾಪಕ ನಂಬುವುದು ಮೇಲು. ನಟ್ಟನಡುವಿಗೆ ಚುಚ್ಚಿದಾಗ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್ ತೋರಿಸಬೇಕು. ಕೋಳಿ, ಟರ್ಕಿಯಾದರೆ 165. ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕವಿದು. ಹಾಗೆಯೇ, ಅಚ್ಚಿನೊಳಗೇ ಬೇಯಿಸಿದರೆ ಮಾಂಸ ತನ್ನದೇ ನೆಣದಲ್ಲಿ ಬೆಂದಂತಾಗಿ ಪಕ್ಕಗಳು ಪೇಲವವಾಗುತ್ತವೆ. ಅಚ್ಚಿಗೆ ತುಂಬಿ ಆಕಾರ ಕೊಟ್ಟು, ತಟ್ಟೆಯ ಮೇಲೆ ಬೋರಲು ಹಾಕಿ, ಅಚ್ಚು ತೆಗೆದುಬಿಡಿ. ಮೇಲೂ ಸುತ್ತಲೂ ಕೆಂಪಾಗುತ್ತದೆ. ಇಷ್ಟೆಲ್ಲ ಆಗುವುದಕ್ಕೆ ಕನ್ನಡದಲ್ಲಿ ‘ಬೇಯಿಸಿ’ ಅಂದರೆ ನೀರಿನ ನೆನಪು, ‘ಸುಡಿ’ ಅಂದರೆ ಬೆಂಕಿಯ ನೆನಪು. ಸದ್ಯಕ್ಕೆ ‘ಓವನ್ನಿನಲ್ಲಿ ಬೇಯಿಸಿ’ಗೆ ಶರಣಾಗಿದ್ದೇನೆ.

ಕೊನೆಯ ಕಾಲು ಗಂಟೆಯಲ್ಲಿ ಮೇಲೆ ಬಳಿಯುವುದು ಕೆಚಪ್, ಕಂದು ಸಕ್ಕರೆ, ವಿನೆಗರ್, ಸಾಸಿವೆ ಕೂಡಿಸಿದ ಮಿಶ್ರಣ. ಒಲೆಯ ಶಾಖಕ್ಕೆ ಅದು ಅಂಟುಪಾಕವಾಗಿ ಹೊಳೆಯುತ್ತದೆ. ಇಂಗ್ಲಿಷಿನವರು ಇದಕ್ಕೆ ಗ್ಲೇಝ್ ಅನ್ನುತ್ತಾರೆ. ‘ಮೆರುಗು’ ಅಂದರೆ ಪಾಲಿಶ್ ಹೊಡೆದ ಹಾಗೆ. ‘ಲೇಪ’ ಅಂದರೆ ಮುಲಾಮು. ‘ಪಾಕ ಹಚ್ಚಿ’ ಅಂತ ಬರೆದಿದ್ದೇನೆ, ಬಾದುಷಾ ತಿಂದವರಿಗೆ ಅರ್ಥವಾಗುತ್ತದೆ.

ನಿಜವಾಗಿ ಸೋತಿರುವುದು ಅದರ ಮುಂದಿನ ಸಾಲಿನಲ್ಲಿ. ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಡಬೇಕು. ಆಗ ರಸ ಒಳಗೇ ನಿಲ್ಲುತ್ತದೆ, ಹೋಳು ಪುಡಿಯಾಗುವುದಿಲ್ಲ. ‘ಆರಲು ಬಿಡಿ’ ಅಂದರೆ ಜನ ತಣ್ಣಗಾಗುವ ತನಕ ಕಾಯುತ್ತಾರೆ, ಅದು ಬೇಡ. ಬಿರಿಯಾನಿಯ ‘ದಮ್’ ಮುಚ್ಚಿಟ್ಟು ಬೇಯಿಸುವ ಕ್ರಮ, ಅದೂ ಅಲ್ಲ. ‘ಹಬೆ ಇಳಿಯಲಿ’ ಅಂತ ತಾತ್ಕಾಲಿಕವಾಗಿ ಹಾಕಿದ್ದೇನೆ. ಅನ್ನ ಬಸಿದ ಮೇಲೆ ಸ್ವಲ್ಪ ಹೊತ್ತು ಮುಟ್ಟದೆ ಬಿಡುತ್ತೀವಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ? ಅಂಥದ್ದೊಂದು ಮಾತು ಸಿಕ್ಕರೆ ನನ್ನ ಕೆಲಸ ಮುಗಿಯುತ್ತದೆ.

ಇನ್ನೊಂದು ಕೇಳಬೇಕು. ತಟ್ಟೆಯ ತಳದಲ್ಲಿ ನಿಲ್ಲುವ, ನೆಣವೂ ರಸವೂ ಕೂಡಿದ ಕಂದು ದ್ರವವನ್ನು ಇಲ್ಲಿನವರು ಚೆಲ್ಲುವುದಿಲ್ಲ, ಅದರಲ್ಲೇ ಗ್ರೇವಿ ಮಾಡುತ್ತಾರೆ. ‘ಜಿಡ್ಡು’ ಅಂದರೆ ಪಾತ್ರೆ ತೊಳೆಯುವ ನೆನಪು ಬರುತ್ತದೆ, ‘ಚರಬಿ’ಯಲ್ಲಿ ರಸ ಇಲ್ಲ. ಕೆಂಡದ ಮೇಲೆ ಖಂಡ ಸುಡುವ ಉತ್ತರ ಕರ್ನಾಟಕದವರು, ಹಂದಿ ಮಾಂಸದ ನೆಣದ ಬೆಲೆ ಬಲ್ಲ ಕೊಡಗಿನವರು ದಯವಿಟ್ಟು ತಿಳಿಸಿ. ಕರಡು ಮುದ್ರಣಕ್ಕೆ ಹೋಗಲು ಇನ್ನೂ ಸಮಯವಿದೆ. ಊರಿನ ಹೆಸರಿನ ಜೊತೆ ಉತ್ತರಿಸಿದರೆ ಅನುಕೂಲ.