ಕಬ್ಬು ಕಡಿಯುವ ಗ್ಯಾಂಗಿನವರಿಗೆ ಕ್ರಿಸ್‌ಮಸ್‌ಗೆ ಏನು ಮಾಡೋಣ?

ಪ್ರಶ್ನೆ (ಮುಧೋಳದ ಯುವಕ):
ಎಲ್ಲರಿಗೂ ನಮಸ್ಕಾರ. ಮುಧೋಳದ ಹತ್ತಿರ ನಮ್ಮದೊಂದು ಸಣ್ಣ ಕ್ರೈಸ್ತ ಸಭೆ. ಊರ ಹೊರಗೆ ಮಹಾರಾಷ್ಟ್ರದ ಬೀಡ್ ಕಡೆಯ ಕಬ್ಬಿನ ಗ್ಯಾಂಗ್ ಜೋಪಡಿ ಹಾಕಿದೆ. ನಮ್ಮ ಯೌವನಸ್ಥರ ಕೂಟದಲ್ಲಿ ಕ್ರಿಸ್‌ಮಸ್‌ಗೆ ಅಂತ ಸ್ವಲ್ಪ ದುಡ್ಡು ಕೂಡಿದೆ. ಕಂಬಳಿ, ಕೇಕು ಹಂಚಿ ಫೋಟೋ ತೆಗೆಸೋಣ ಅಂತಾರೆ ಕೆಲವರು. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ. ಮತಾಂತರಕ್ಕೆ ಬಂದಿದ್ದಾರೆ ಅಂತ ಜನ ತಿಳಿದರೂ ಕಷ್ಟ. ಅವರಿಗೆ ನಿಜವಾಗಿ ಏನು ಬೇಕಾಗುತ್ತೆ?

ಉತ್ತರ (ಜಮಖಂಡಿ ರೈತ):
ನಾನು ಕ್ರೈಸ್ತನಲ್ಲ, ಆದ್ರೆ ನಮ್ಮ ಹೊಲಕ್ಕೂ ಗ್ಯಾಂಗ್ ಬರುತ್ತೆ. ಮೊದಲು ಕುಡಿಯುವ ನೀರು ನೋಡಿ. ಬಹಳ ಕಡೆ ಕಾಲುವೆ ನೀರೇ ಗತಿ. ಒಂದು ಸಿಂಟೆಕ್ಸ್ ಟ್ಯಾಂಕ್ ಇಟ್ಟು ದಿನಾ ತುಂಬಿಸಿದ್ರೆ ಸಾಕು. ಇನ್ನು ಮಕ್ಕಳು. ನಸುಕಿನಲ್ಲೇ ತಾಯಂದಿರು ಕೊಯ್ತಾ (ಕಬ್ಬು ಕಡಿಯುವ ಕತ್ತಿ) ಹಿಡಿದು ಹೊರಡುತ್ತಾರೆ, ಕೂಸು ರವದಿ (ಕಬ್ಬಿನ ಒಣ ಎಲೆ) ಮೇಲೆ ಹಾಸಿದ ಸೀರೆಯಲ್ಲಿ ಮಲಗಿರುತ್ತೆ, ಅದನ್ನು ನೋಡಿಕೊಳ್ಳೋಕೆ ಏಳೆಂಟು ವರ್ಷದ ಅಕ್ಕ. ಶಾಲೆಗೆ ಹೋಗಬೇಕಾದ ಹುಡುಗಿ ಅದು.

ಉತ್ತರ (ನಿವೃತ್ತ ನರ್ಸ್, ಬಾಗಲಕೋಟೆ):
ತಮ್ಮಾ, ಫೋಟೋ ಬೇಡವೇ ಬೇಡ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸು ಸ್ವಾಮಿ ಹೇಳಿದ್ದು ಬೈಬಲಿನ ಮತ್ತಾಯ 6ರಲ್ಲೇ ಇದೆ. ಲೂಕ 10ರ ಸಮಾರ್ಯದವನನ್ನು ನೋಡು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ಅಪರಿಚಿತನ ಗಾಯ ಕಟ್ಟಿದ, ಛತ್ರಕ್ಕೆ ಒಯ್ದ, ಎರಡು ದಿನಾರಿ ಕೊಟ್ಟ. ಆಗ ಅದು ಎರಡು ದಿನದ ಕೂಲಿ. ಜಾಸ್ತಿ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಅಂದ. ನಿನ್ನ ದೇವರು ಯಾರು ಅಂತ ಕೇಳಲೇ ಇಲ್ಲ. ನೀವೂ ಸುಗ್ಗಿ ಮುಗಿಯುವ ತನಕ ಹೋಗಿ ಬರಬೇಕು, ಒಂದೇ ದಿನಕ್ಕೆ ಮುಗಿಸಬೇಡಿ.
ಕೊಯ್ತಾ ತಾಗಿ ಕಾಲು ಕೊಯ್ದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಗಾಯದ ಮೇಲೆ ಅರಿಶಿನ, ಅದರ ಮೇಲೆ ಹಳೇ ಬಟ್ಟೆ, ಒಳಗೆ ಮಣ್ಣು. ಆಸ್ಪತ್ರೆಗೆ ಹೋದ್ರೆ ಅವತ್ತಿನ ಕೂಲಿ ಹೋಗುತ್ತೆ, ಕನ್ನಡವೂ ಬರಲ್ಲ, ಅದಕ್ಕೇ ಹೋಗಲ್ಲ. ನೀವು ಬೈಕ್ ಮೇಲೆ ಕೂರಿಸಿಕೊಂಡು ಹೋಗಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧನುರ್ವಾಯು ಇಂಜೆಕ್ಷನ್‌ಗೆ ದುಡ್ಡಿಲ್ಲ. ಮಕ್ಕಳ ಲಸಿಕೆ ಕಾರ್ಡು ಮಹಾರಾಷ್ಟ್ರದ್ದಾದರೂ ಇಲ್ಲಿ ಹಾಕುತ್ತಾರೆ. ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರ್ಕೊಳ್ಳಿ.

ಉತ್ತರ (ವಿಜಯಪುರದಿಂದ):
ರೇಷನ್ ಮರೀಬೇಡಿ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಬೇರೆ ರಾಜ್ಯದ ಕಾರ್ಡಿಗೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಕಾಳು ಸಿಗುತ್ತೆ. ಆಧಾರ್ ಜೋಡಣೆ ಆಗಿರಬೇಕು, ಹೆಬ್ಬೆಟ್ಟು ಒತ್ತಬೇಕು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅಂಗಡಿ ತನಕ ಜೊತೆಗೆ ಹೋಗಿ ನಿಂತರೆ ದೊಡ್ಡ ಉಪಕಾರ.

ಮುಧೋಳದ ಯುವಕ:
ಅಕ್ಕಾ, ಅಣ್ಣಾ, ಎಲ್ಲರಿಗೂ ಧನ್ಯವಾದ. ಭಾನುವಾರ ಆರಾಧನೆ ಮುಗಿದ ಮೇಲೆ ಹೋಗಿ ಮೊದಲು ಅವರನ್ನೇ ಕೇಳುತ್ತೇವೆ. ನಮ್ಮಲ್ಲಿ ಮರಾಠಿ ಯಾರಿಗೂ ಸರಿಯಾಗಿ ಬರಲ್ಲ. ಮುಧೋಳ ಸುತ್ತಮುತ್ತ ಮರಾಠಿ ಬಲ್ಲವರು ಯಾರಾದ್ರೂ ಜೊತೆಗೆ ಬರ್ತೀರಾ?