ಮನೆಗೂ ಚಾರಣಕ್ಕೂ ಯಾವ ಚಾಕು ತಗೊಳ್ಳಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಲ್ಪೆ ಹತ್ತಿರ. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟುಕತ್ತಿ ಮುಂದೆ ಕೂರಲು ಈಗ ಆಗುವುದಿಲ್ಲ. ನಿಂತೇ ಹೆಚ್ಚಲು ಒಳ್ಳೆಯ ಚಾಕು ಬೇಕು.

ದೊಡ್ಡ ಸೆಟ್ ಬೇಡ. ತರಕಾರಿಗೆ 7-8 ಇಂಚಿನದು ಒಂದು, ಬೆಳ್ಳುಳ್ಳಿ, ಹಣ್ಣಿಗೆ 3-4 ಇಂಚಿನದು ಒಂದು ಸಾಕು ಅಂದುಕೊಂಡಿದ್ದೇನೆ. ತಲೆನೋವು ಮೀನಿನದು. ಬೂತಾಯಿ, ಬಂಗುಡೆಗೆ ಸಣ್ಣ ಚಾಕು ನಡೆಯುತ್ತದೆ. ಆದರೆ ಕಳೆದ ತಿಂಗಳು ದೊಡ್ಡ ಮೀನು ಅಂಜಲ್ ತುಂಡು ಮಾಡುವಾಗ ನಡುಮುಳ್ಳಿಗೆ ತಾಗಿ ತೆಳು ಚಾಕುವಿನ ಅಲಗೇ ಚಕ್ಕೆ ಎದ್ದಿತು. ಇದಕ್ಕೆ ಭಾರದ ಕತ್ತಿ ಬೇರೆ ಇಡಬೇಕಾ?

ಇನ್ನೊಂದು, ತುಕ್ಕು. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ನನಗೆ ಅದೇ ಇಷ್ಟ. ಆದರೆ ಇಲ್ಲಿ ಉಪ್ಪುಗಾಳಿ, ಮೇಲೆ ಜೂನ್‌ನಿಂದ ಮಳೆ. ಒರೆಸಿ ತೆಂಗಿನೆಣ್ಣೆ ಸವರಿದರೂ ಎರಡೇ ದಿನಕ್ಕೆ ಕೆಂಪು ಚುಕ್ಕೆ ಬರುತ್ತದೆ. ಕಡಲ ಬದಿಯಲ್ಲಿರುವವರು ಹೇಗೆ ಇಟ್ಟುಕೊಳ್ಳುತ್ತೀರಿ? ಸ್ಟೇನ್‌ಲೆಸ್ ತಗೊಂಡರೆ 1000 ಗ್ರಿಟ್ (ಕಲ್ಲಿನ ನುಣುಪಿನ ಅಳತೆ) ಸಾಣೆಕಲ್ಲು ಸಾಕಾ?

ಕೊಡಚಾದ್ರಿ ಕಡೆ ಚಾರಣಕ್ಕೂ ಹೋಗುತ್ತೇನೆ. ಅಲ್ಲಿ ಹಗ್ಗ ಕೊಯ್ಯಲು, ಹಣ್ಣು ಹೆಚ್ಚಲು ಅಷ್ಟೇ. ಗಿಡ ಕಡಿಯುವ ಮಾತೇ ಇಲ್ಲ, ಕಾಡಲ್ಲಿ ಅದು ತಪ್ಪು ಅಲ್ವಾ. ಮಡಚುವ ಚಾಕು ಜೇಬಿಗೆ ಹಗುರ, ಆದರೆ ಲಾಕ್ ಇಲ್ಲದ್ದು ಬೆರಳ ಮೇಲೆ ಮಡಚಿಕೊಳ್ಳುವ ಭಯ. ಹಿಡಿಯ ಕೊನೆಯವರೆಗೂ ಉಕ್ಕು ಇರುವ ಮಡಚದ ಚಾಕು ಗಟ್ಟಿ. ಬಳಸಿದವರು ಯಾವುದು ಒಳ್ಳೆಯದು ಅಂತ ಹೇಳಿ.

ಒಟ್ಟು 3000 ರೂಪಾಯಿ ಒಳಗೆ ಆಗಬೇಕು. ಉಡುಪಿ, ಮಣಿಪಾಲದಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂಥ ಅಂಗಡಿ, ಚೆನ್ನಾಗಿ ಸಾಣೆ ಹಿಡಿಯುವವರು ಗೊತ್ತಿದ್ದರೂ ದಯವಿಟ್ಟು ತಿಳಿಸಿ.