ಹಳೆಯ ಸೀರೆಯ ಹೊದಿಕೆ: ಫಲಕದಲ್ಲಿ ಕೌದಿಯೋ, ಕಂಥೆಯೋ?

ಧಾರವಾಡದಿಂದ:
ತುರ್ತಾಗಿ ಒಂದು ಪದ ಬೇಕಾಗಿದೆ. ನೆಂಟರ ಮನೆಯ ಅಟ್ಟದ ಟ್ರಂಕಿನಲ್ಲಿ ಅಜ್ಜಿಯ ಕಾಲದ ಹೊದಿಕೆ ಸಿಕ್ಕಿದೆ. ಮೇಲೆ ಇಳಕಲ್ ಸೀರೆಯ ತುಂಡುಗಳು, ಒಳಗೆ ಧೋತರದ ಪದರಗಳು. ಒಂದು ಅಂಚಿನಲ್ಲಿ ಬಟ್ಟೆ ಪೂರ್ತಿ ಸವೆದು ಬಿಳಿ ದಾರದ ಸಾಲುಗಳಷ್ಟೇ ಉಳಿದಿವೆ. ಅದನ್ನು ಪ್ರದರ್ಶನಕ್ಕೆ ಇಡುತ್ತಿದ್ದೇವೆ. ಫಲಕ ನಾಳೆ ಅಚ್ಚಿಗೆ ಹೋಗಬೇಕು. ನಾನು ‘ಕೌದಿ’ ಎಂದು ಬರೆದೆ. ಅದು ಆಡುಮಾತು, ‘ಕಂಥೆ’ ಎಂದು ತಿದ್ದಿ ಎನ್ನುತ್ತಾರೆ ಒಬ್ಬರು. ‘ರಜಾಯಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಹೊಲಿಗೆಗೆ ಕಸೂತಿಯವರ ‘ನೇಗಿ’ (ಸೂಜಿ ಒಳಗೆ ಹೊರಗೆ ಹಾಯಿಸುವ ಸಾದಾ ಹೊಲಿಗೆ) ಪದ ಬಳಸಬಹುದೇ?

ಹುಬ್ಬಳ್ಳಿಯಿಂದ:
ರಜಾಯಿ ಸಲ್ಲದು. ಅದರೊಳಗೆ ಹತ್ತಿ ತುಂಬಿರುತ್ತದೆ. ಕೌದಿಯಲ್ಲಿರುವುದು ಬಟ್ಟೆಯ ಮೇಲೆ ಬಟ್ಟೆ. ನೇಗಿಯೂ ಬೇಡ. ಕಸೂತಿಯ ಹೊಲಿಗೆ ಅಲಂಕಾರಕ್ಕೆ, ಕೌದಿಯದು ಪದರಗಳನ್ನು ಹಿಡಿದಿಡುವುದಕ್ಕೆ. ‘ಕೈಹೊಲಿಗೆ’ ಸಾಕು.

ಮೈಸೂರಿನಿಂದ:
ಕಂಥೆ ಸಂಸ್ಕೃತ, ರಜಾಯಿ ಪಾರಸಿ. ನಮ್ಮದೇ ‘ಬೊಂತೆ’ ಇರುವಾಗ ಈ ಹುಡುಕಾಟವೇಕೆ? ಬೊಂತಾದೇವಿಯ ಹೆಸರಲ್ಲೇ ಅದು ಉಳಿದಿದೆ. ಬೆತ್ತಲೆ ಹೊರಟ ಶರಣೆಗೆ ಶಿವ ಬೊಂತೆ ಕೊಟ್ಟನೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಕೌದಿ ಎಂದೇ ಬರೆಯುವುದಾದರೆ ‘ಕವುದಿ’ ಎಂದು ಬರೆಯಿರಿ. ಮುಸುಕು ಎಂಬ ಅರ್ಥದ ‘ಕವಿ’ ಧಾತುವಿನಿಂದ ಬಂದ ಅಚ್ಚಗನ್ನಡ ಪದವದು.

ಶಿರಸಿಯಿಂದ:
ಕವಿ ಸರಿ, ‘ದಿ’ ಎಲ್ಲಿಂದ ಬಂತು? ಹಾಗೆ ಆದ ಇನ್ನೊಂದು ಪದ ತೋರಿಸಿ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಇದನ್ನೇ ‘ಕವಂದಿ’ ಎನ್ನುತ್ತಾರೆ. ಅವರ ಮನೆಮಾತು ಕೊಂಕಣಿ. ಆ ಅನುಸ್ವಾರಕ್ಕೆ ಲೆಕ್ಕ ಕೊಡದ ವ್ಯುತ್ಪತ್ತಿಯನ್ನು ನಾನು ಒಪ್ಪುವುದಿಲ್ಲ. ಅವರು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ‘ಫೂಲ್’ ಎಂಬ ತ್ರಿಕೋನದ ಮಡಿಕೆ ಕೂರಿಸದೆ ಕವಂದಿ ಮುಗಿಯಿತು ಎನ್ನುವುದಿಲ್ಲ. ಧಾರವಾಡದವರು ತಮ್ಮ ಹೊದಿಕೆಯ ಮೂಲೆಗಳನ್ನು ಒಮ್ಮೆ ನೋಡಲಿ.

ಮೈಸೂರಿನಿಂದ:
ಮೂಲೆ ನೋಡಿ ಭಾಷೆ ನಿರ್ಧರಿಸುವುದಿಲ್ಲ. ಎರವಲಿಗೆ ಎಲ್ಲಾದರೂ ಗಡಿ ಹಾಕಲೇಬೇಕು.

ಹುಬ್ಬಳ್ಳಿಯಿಂದ:
ಗಡಿ ಹಾಕಿದರೆ ಮೊದಲು ಹೊರಗೆ ಹೋಗುವುದು ಸೂಜಿ. ಅದು ಸಂಸ್ಕೃತದ ‘ಸೂಚಿ’ಯ ತದ್ಭವ. ನಿಮ್ಮ ಬೊಂತೆ ತೆಲುಗಿನಲ್ಲಿ ‘ಬೊಂತ’ ಆಗಿ ಇಂದಿಗೂ ಬಳಕೆಯಲ್ಲಿದೆ, ನಮ್ಮಲ್ಲಿ ಮನೆಬಳಕೆಯಿಂದ ಬಹುಪಾಲು ಮರೆಯಾಗಿದೆ. ಹೊಲಿದವರು, ಹೊದ್ದವರು ಅದನ್ನು ಕರೆದ ಹೆಸರು ಕೌದಿ. ಅವರ ವಸ್ತುವಿಗೆ ನಾವು ಬೇರೆ ಹೆಸರು ಅಂಟಿಸುವುದು ಅನ್ಯಾಯ.

ಧಾರವಾಡದಿಂದ:
ಮೂಲೆಗಳಲ್ಲಿ ಫೂಲ್ ಇಲ್ಲ, ಅಂಚು ನೇರವಾಗಿ ಮಡಚಿದೆ. ಫಲಕಕ್ಕೆ ಹೀಗೆ ಕಳುಹಿಸುತ್ತಿದ್ದೇನೆ: ‘ಕೌದಿ. ಹಳೆಯ ಇಳಕಲ್ ಸೀರೆ ಮತ್ತು ಧೋತರದ ಪದರಗಳು, ಕೈಹೊಲಿಗೆ.’ ‘ಪದರ’ ಎಂದರೆ ನಮ್ಮ ಕಡೆ ಸೆರಗು ಎಂಬ ಅರ್ಥವೂ ಇದೆ, ಓದುವವರಿಗೆ ಗೊಂದಲವಾದೀತೇ? ರಾತ್ರಿಯೊಳಗೆ ತಿಳಿಸಿ.